ಹೆಸರಘಟ್ಟದ ಮೀಸೆ ನೊಣ

ಹೆಸರಘಟ್ಟವೆಂದರೆ ಬಹಳ ಮಂದಿಗೆ ಕೆರೆ. 1894ರಲ್ಲಿ ಅರ್ಕಾವತಿಗೆ ಅಡ್ಡಲಾಗಿ ಕಟ್ಟಿ, ಬೆಂಗಳೂರಿಗೆ ನೀರು ಕುಡಿಸಿದ ಕೆರೆ. ನಾವು ಅಪ್ಪ-ಮಗಳು ಹೋದದ್ದು ಕೆರೆಗಲ್ಲ, ಅದರ ಬಳಿಯ ಹುಲ್ಲುಗಾವಲಿಗೆ. ಎಂಟನೇ ತರಗತಿಯ ಮಗಳಿಗೆ ಶಾಲೆಯಲ್ಲಿ ಕೆಲಸ ಹಚ್ಚಿದ್ದರು: ಹತ್ತು ಕೀಟಗಳ ಫೋಟೋ ತೆಗೆದು ಒಂದೊಂದರ ಕೆಳಗೂ ವೈಜ್ಞಾನಿಕ ಹೆಸರು ಬರೆಯಬೇಕು. ಪೂರ್ತಿ ಹೆಸರಿಲ್ಲದಿದ್ದರೆ ಪೂರ್ತಿ ಅಂಕವಿಲ್ಲ.

ಒಂಬತ್ತು ಸಲೀಸಾಗಿ ಸಿಕ್ಕವು. ಹತ್ತನೆಯದು ಒಣಕಡ್ಡಿಯ ತುದಿಯಲ್ಲಿ ಕುಳಿತಿತ್ತು. ಒಂದೂವರೆ ಅಂಗುಲ ಉದ್ದ, ಹಿಂದಕ್ಕೆ ಸಪೂರವಾಗುತ್ತ ಹೋದ ಹೊಟ್ಟೆ, ಮುಳ್ಳುಮುಳ್ಳಾದ ಕಾಲು. ನೋಡುತ್ತಿದ್ದಂತೆ ಚಂಗನೆ ಹಾರಿ, ಗಾಳಿಯಲ್ಲೇ ಒಂದು ಜೇನ್ನೊಣವನ್ನು ಹಿಡಿದು ಅದೇ ಕಡ್ಡಿಗೆ ಮರಳಿತು. ‘ಕಣಜ, ಹತ್ತಿರ ಹೋಗಬೇಡ’ ಎಂದೆ. ಅಷ್ಟರಲ್ಲಿ ಅವಳು ಮೂರು ಫೋಟೋ ತೆಗೆದಾಗಿತ್ತು.

ಮನೆಯಲ್ಲಿ ಫೋಟೋ ಹಿಗ್ಗಿಸಿ ನೋಡಿದಾಗ ನನ್ನ ಪಾಂಡಿತ್ಯ ಬಯಲಾಯಿತು. ಕಣಜಕ್ಕೆ ನಾಲ್ಕು ರೆಕ್ಕೆ, ಇದಕ್ಕೆ ಎರಡೇ. ಅಂದಮೇಲೆ ನೊಣ. ದನದ ರಕ್ತ ಹೀರುವ ದೊಡ್ಡ ನೊಣವೇ? ಅದಕ್ಕೆ ಮೀಸೆಯಿಲ್ಲ. ಇದಕ್ಕೋ, ಮುಖದ ತುಂಬ ಒರಟು ಕೂದಲಿನ ಮೀಸೆ. ನೆತ್ತಿಯ ಮೇಲೆ, ಎರಡು ಕಣ್ಣುಗಳ ನಡುವೆ, ತೋಡಿದಂಥ ಹಳ್ಳ. ಈ ಎರಡೂ ಒಟ್ಟಿಗೆ ಕಂಡರೆ ಅದು ಅಸಿಲಿಡೇ ಕುಟುಂಬದ ದರೋಡೆ ನೊಣ. ಬೇಟೆಗೆ ಸೊಂಡಿಲು ಚುಚ್ಚಿ ಜೊಲ್ಲು ಇಳಿಸುತ್ತದೆ. ಜೊಲ್ಲಿನ ವಿಷಕ್ಕೆ ಬೇಟೆ ಮರಗಟ್ಟಿ, ಒಳಗಿನದೆಲ್ಲ ಕರಗಿ ಪಾನಕವಾಗುತ್ತದೆ. ಹೀರಿಯಾದ ಮೇಲೆ ಉಳಿಯುವುದು ಸಿಪ್ಪೆ. ಒದ್ದಾಡುವ ಬೇಟೆಯಿಂದ ಮುಖ ಕಾಯಲು ಮೀಸೆ ಬೇಕೇಬೇಕು.

ಆದರೆ ಹೆಸರು? ಜಗತ್ತಿನಲ್ಲಿ ಈ ಕುಟುಂಬದ 7,000ಕ್ಕೂ ಹೆಚ್ಚು ಪ್ರಭೇದಗಳಿವೆ. ಪುಣ್ಯಕ್ಕೆ ಮೂರನೆಯ ಫೋಟೋದಲ್ಲಿ ರೆಕ್ಕೆ ಬಿಚ್ಚಿತ್ತು. ನರಗಳ ನಡುವೆ, ಮುಂದಂಚಿಗೆ ಹತ್ತಿದ ಉದ್ದನೆಯ ಕೋಣೆಯೊಂದು ಅಂಚಿನವರೆಗೂ ತೆರೆದೇ ಇತ್ತು. ಅಸಿಲಿನೇ ಉಪಕುಟುಂಬದವುಗಳಲ್ಲಿ ಅದು ಅಂಚು ಮುಟ್ಟುವ ಮೊದಲೇ ಮುಚ್ಚಿಕೊಳ್ಳುತ್ತದೆ. ಹೀಗೆ ದೊಡ್ಡ ಗಾತ್ರದ ಹಲವು ನೊಣಗಳು ಪಟ್ಟಿಯಿಂದ ಹೊರಬಿದ್ದವು. ಗಾತ್ರವನ್ನೂ ಸೇರಿಸಿ ನೋಡಿದರೆ ಮೈಕ್ರೋಸ್ಟೈಲಂ ಕುಲ ಎನಿಸಿತು. ನಮ್ಮ ದೇಶದ ದೈತ್ಯ ದರೋಡೆ ನೊಣಗಳಿರುವ ಕುಲ ಅದು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಅಂಕದ ಆಸೆಗೆ, ಕಣ್ಣಿಗೆ ಹೋಲಿದ ಒಂದು ಚಿತ್ರ ಹುಡುಕಿ, ಅದರ ಪ್ರಭೇದದ ಹೆಸರನ್ನೂ ನಾನೇ ಪೆನ್ಸಿಲಿನಲ್ಲಿ ಬರೆದೆ.

‘ಹೇಗೆ ಗೊತ್ತಾಯಿತು ಅಪ್ಪ?’

ಪ್ರಭೇದ ಗೊತ್ತುಮಾಡಲು ಎಷ್ಟೋ ಸಲ ಗಂಡಿನ ಹೊಟ್ಟೆಯ ತುದಿಯ ಇಕ್ಕಳದಂಥ ಅಂಗವನ್ನೇ ಪರೀಕ್ಷಿಸಬೇಕು. ನಮ್ಮ ಮೂರೂ ಫೋಟೋಗಳಲ್ಲಿ ಆ ತುದಿ ಹುಲ್ಲಿನ ಹಿಂದಿತ್ತು. ನಮ್ಮದು ಗಂಡೋ ಹೆಣ್ಣೋ ಅದೂ ತಿಳಿಯದು. ನೀವು ಫೋಟೋ ತೆಗೆಯುವಾಗ ಮೇಲಿನಿಂದ ಒಂದು, ಮುಖಕ್ಕೊಂದು, ಪಕ್ಕದಿಂದ ಬಾಲದ ತುದಿಯವರೆಗೆ ಒಂದು ತೆಗೆಯಿರಿ.

ಮಗಳು ರಬ್ಬರು ತೆಗೆದುಕೊಂಡು ಪ್ರಭೇದವನ್ನು ಅಳಿಸಿದಳು. ‘ಮೈಕ್ರೋಸ್ಟೈಲಂ ಇರಬಹುದು. ತುದಿ ಕಾಣುವುದಿಲ್ಲ’ ಎಂದು ಬರೆದಳು. ಅರ್ಧ ಅಂಕ ಹೋಯಿತು.

ಮುಂದಿನ ಭಾನುವಾರ ಮತ್ತೆ ಹೋದೆವು. ಕಡ್ಡಿ ಹಾಗೇ ಇತ್ತು. ಬುಡದಲ್ಲಿ ಜೇನ್ನೊಣಗಳ ನಾಲ್ಕು ಒಣ ಸಿಪ್ಪೆ. ಮಗಳು ಕ್ಯಾಮರಾ ಹಿಡಿದು ಪಕ್ಕದಲ್ಲಿ ಕುಳಿತಳು, ಬಿಸಿಲೇರುವವರೆಗೂ.