ಹೆಣ್ಣು ನೋಡೋಕೆ ಮುಂಚೆ ಮನೆ ಕಟ್ಟಬೇಕಾ?

ರಾಗಿ ಕುಯ್ಲು ಮುಗಿದು ಮೆದೆ ಹಾಕಿದ್ದಾಯ್ತು. ನಿನ್ನೆ ಸಂಜೆ ಮೆದೆ ಪಕ್ಕ ಕೂತಿದ್ದಾಗ ನನ್ನ ತಮ್ಮನ ಮಗ ಬಂದ. ವಯಸ್ಸು 27. ಡಿಪ್ಲೊಮಾ ಓದಿ ಊರಲ್ಲೇ ಉಳಿದವನು. ಮೂರು ಎಕರೆ ಜಮೀನು, ಅದರಲ್ಲಿ ಅರ್ಧ ತೆಂಗು. ಎರಡು ಕಡೆ ಹೆಣ್ಣಿನವರು ಬಂದು ಉಪ್ಪಿಟ್ಟು ತಿಂದು, "ಹುಡುಗ ಚೆನ್ನಾಗವನೆ, ಮನೆ ಹಳೇದು" ಅಂದು ಹೋಗಿದ್ದಾರೆ.

"ದೊಡ್ಡಪ್ಪ, 10 ಲಕ್ಷ ಸಾಲ ಮಾಡಿ ಮನೆ ಕಟ್ಟಿಬಿಡ್ಲಾ? ಇಲ್ಲಾ ಮದುವೆ ಆಗ್ಲಿ ಅಂತ ಕಾಯ್ಲಾ?" ಅಂದ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ಎರಡೂ ಕಷ್ಟ ಅನ್ನೋದು ಗಾದೇಲಿದೆ, ಯಾವುದು ಮೊದಲು ಅನ್ನೋದು ಇಲ್ಲ. ಅದಕ್ಕೇ ನನ್ನ ಕಥೆನೇ ಹೇಳಿದೆ.

ನಾನು ಮನೆ ಕಟ್ಟಿದ್ದು 1996ರಲ್ಲಿ. ಆಗ ನನಗೆ 26. ಮನೆ ಇಲ್ಲದವನಿಗೆ ಹೆಣ್ಣು ಕೊಡಲ್ಲ ಅಂತ ಎಲ್ಲರೂ ಹೇಳಿದ್ರು, ನಾನೂ ನಂಬಿದೆ. ಪಾಯಕ್ಕೆ, ಗೋಡೆಗೆ ಕೈಯಲ್ಲಿದ್ದ ದುಡ್ಡು ಆಯ್ತು. ಮೋಲ್ಡಿಂಗ್ ಹೊತ್ತಿಗೆ ಖಾಲಿ. ಕೆರೆ ಕೆಳಗಿನ ಒಂದು ಎಕರೆ ಮಾರಿದೆ. ಹೆಣ್ಣಿನವರ ಕಣ್ಣಿಗೆ ಕಾಣಲಿ ಅಂತ ದೊಡ್ಡ ಹಾಲ್ ಮಾಡಿಸಿದೆ. ತಿಪಟೂರು ಸೀಮೆ ತೆಂಗಿನವನಾಗಿ ಕೊಬ್ಬರಿಗೆ ಅಟ್ಟ ಬಿಡೋದನ್ನೇ ಮರೆತೆ! ಇವತ್ತಿಗೂ ನನ್ನ ಕಾಯಿ ಹೋಗೋದು ತಮ್ಮನ ಹಳೇ ಹೆಂಚಿನ ಮನೆ ಅಟ್ಟಕ್ಕೆ.

ಮನೆ ಆದ್ಮೇಲೂ ನಾಲ್ಕು ವರ್ಷ ಹೆಣ್ಣು ಕೂಡಿ ಬರಲಿಲ್ಲ. ಅಪ್ಪ, ಅವ್ವ, ತಮ್ಮ ಹಳೇ ಮನೇಲೇ ಉಳಿದ್ರು. ಆ ದೊಡ್ಡ ಹಾಲ್‌ನಲ್ಲಿ ಒಬ್ಬನೇ ಕೂರೋಕೆ ಆಗ್ತಿರಲಿಲ್ಲ. ಲೈಟ್ ಆರಿಸಿ ಹೊರಗೆ ಜಗಲಿ ಮೇಲೆ ಮಲಗ್ತಿದ್ದೆ. ಆಮೇಲೆ ತೆಂಗಿಗೆ ನುಸಿ ಬಂತು. ಕಾಯಿ ಸಣ್ಣ ಆಗಿ ಉದುರ್ತಿದ್ದಾಗ ಮಾರಿದ ಆ ಎಕರೆ ದಿನಾ ನೆನಪಾಗೋದು.

2000ದಲ್ಲಿ ಮದುವೆ ಆಯ್ತು. ಮನೆಯವಳು ಬಂದ ವಾರಕ್ಕೇ ಅಂದ್ಲು, "ಕೂತ್ಕೊಳ್ಳೋಕೆ ನಲವತ್ತು ಜನಕ್ಕೆ ಜಾಗ ಇದೆ, ಅಡುಗೆ ಮಾಡೋಕೆ ಒಬ್ಬಳಿಗೂ ಇಲ್ಲ." ಹೊಗೆ ಹೋಗೋಕೆ ಸರಿಯಾದ ಕಿಟಕಿಯೂ ಇರಲಿಲ್ಲ. ಎರಡು ವರ್ಷ ಆದ್ಮೇಲೆ ಗೋಡೆ ಒಡೆಸಿದೆ.

ಹಾಗಂತ ಕಟ್ಟಿದ್ದು ಪೂರ್ತಿ ತಪ್ಪು ಅನ್ನಲ್ಲ. ನುಸಿ ಬಂದ ಮೇಲೆ, ಮಕ್ಕಳ ಓದು ಶುರುವಾದ ಮೇಲೆ ನನ್ನ ಕೈಯಲ್ಲಿ ಆ ಕೆಲಸ ಆಗ್ತಾನೇ ಇರಲಿಲ್ಲ. ತಪ್ಪಾಗಿದ್ದು ನೋಡೋರಿಗೋಸ್ಕರ ಕಟ್ಟಿದ್ದು, ಅದಕ್ಕೆ ಭೂಮಿ ಮಾರಿದ್ದು.

ಇಷ್ಟು ಹೇಳಿ ಹುಡುಗನ ಜೊತೆ ಲೆಕ್ಕಕ್ಕೆ ಕೂತೆ. 10 ಲಕ್ಷ, 15 ವರ್ಷ, ಬಡ್ಡಿ 9 ಪರ್ಸೆಂಟ್ ಅಂದ್ರೂ ತಿಂಗಳ ಕಂತು ಸುಮಾರು 10,140 ರೂಪಾಯಿ. ಕೊನೆಗೆ ಕಟ್ಟೋದು 18 ಲಕ್ಷದ ಮೇಲೆ. ಉಂಡೆ ಕೊಬ್ಬರಿ ಅಟ್ಟದಲ್ಲಿ ಒಣಗಿ ಬರೋಕೆ ವರ್ಷದ ಹತ್ತಿರ ಬೇಕು, ಕಂತು ಮಾತ್ರ ತಿಂಗಳಾ ತಿಂಗಳಾ. ಬೆಳೆ ಸಾಲದ ಹಾಗೆ ವರ್ಷಕ್ಕೊಂದು ಸಲ ಕಟ್ಟಿ ಸುಮ್ನಿರೋಕೆ ಆಗಲ್ಲ. ಸಂಬಳದವನ ಸಾಲ ಬೇರೆ, ನಮ್ಮದು ಬೇರೆ.

ನಾನು ಹೇಳಿದ್ದು ಇಷ್ಟು. ಹಳೇ ಮನೆ ಕೆಡವಬೇಡ, ಅಟ್ಟ ಅದರಲ್ಲಿದೆ. ಜಾಗ ಇನ್ನೂ ನಿಮ್ಮ ಅಜ್ಜನ ಹೆಸರಲ್ಲಿದೆ, ಮೊದಲು ಖಾತೆ ಮಾಡಿಸಿ ಇ-ಸ್ವತ್ತು ದಾಖಲೆ ತಗೋ. ಪಕ್ಕದಲ್ಲಿ ಕೈಯಲ್ಲಿರೋ ದುಡ್ಡಿಗೆ ಎಷ್ಟು ಬರುತ್ತೋ ಅಷ್ಟೇ ಕಟ್ಟು. ಒಂದು ರೂಮು, ಬಚ್ಚಲು, ಕಕ್ಕಸು, ನೀರಿಗೊಂದು ತೊಟ್ಟಿ. ಮುಂದೆ ಬೆಳೆಸೋಕೆ ಕಂಬಗಳಿಗೆ ಕಂಬಿ ಬಿಟ್ಟಿರು, ತುಕ್ಕು ಹಿಡೀದಂತೆ ಸಿಮೆಂಟ್ ಹಾಲು ಬಳಿ. ಅಡುಗೆಮನೆ ಮಾತ್ರ ಈಗಲೇ ಕಟ್ಟಬೇಡ. ಬರೋಳು ನಿಂತು ನೋಡಿ ಹೇಳಲಿ.

ಎಲ್ಲಾ ಕೇಳಿಸ್ಕೊಂಡ. ಆಮೇಲೆ ಮೆಲ್ಲಗೆ ಅಂದ, "ದೊಡ್ಡಪ್ಪ, ಯಾರೂ ಬರ್ದೇ ಇದ್ರೆ?"

2023ರಲ್ಲಿ ಮಂಡ್ಯ ಕಡೆ ಹುಡುಗರು ಹೆಣ್ಣು ಸಿಗಲಿ ಅಂತ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೋದಾಗ ನಮ್ಮೂರ ಟೀ ಅಂಗಡೀಲಿ ಎಲ್ಲರೂ ನಕ್ಕಿದ್ರು. ನಾನೂ ನಕ್ಕಿದ್ದೆ. ನಿನ್ನೆ ನಗು ಬರಲಿಲ್ಲ, ಉತ್ತರವೂ ಬರಲಿಲ್ಲ. ಬೀಡಿ ಹಚ್ಚಿ ಸುಮ್ನಾದೆ.

ರಾತ್ರಿ ಎಲ್ಲಾ ಯೋಚನೆ ಮಾಡಿದೆ. ಮಗಾ, ನೀನೂ ಇದನ್ನ ಓದ್ತೀಯ, ಅದಕ್ಕೇ ಇಲ್ಲೇ ಬರೀತೀನಿ. ಯಾರೂ ಬರದಿದ್ರೂ ನೀನು ಇರ್ತೀಯಲ್ಲ. ಮಳೇಲಿ ನೆನೆಯೋನು ನೀನು, ಜ್ವರ ಬಂದು ಮಲಗೋನು ನೀನು. ಒಬ್ಬನೇ ಇದ್ದರೂ ಒಳಗೆ ಮಲಗಬೇಕು ಅನ್ನಿಸೋ ಅಷ್ಟು ಮನೆ ಕಟ್ಟು. ನನ್ನ ಥರ ಜಗಲೀಲಿ ಮಲಗೋ ಹಂಗೆ ಕಟ್ಟಬೇಡ. ಬಂದವಳಿಗೆ ಗೋಡೆ ಬೆಳೆಸಬಹುದು. ಹೋದ ಎಕರೆ ವಾಪಸ್ ಬರಲ್ಲ.

ನಿಮ್ಮ ಮನೇಲೂ ಇಂಥ ಹುಡುಗರಿದ್ರೆ ಬೈಯಬೇಡಿ, ಜೊತೆಗೆ ಕೂತು ಲೆಕ್ಕ ಹಾಕಿ. ನಾಳೆ ಬೆಳಿಗ್ಗೆ ಅವನೂ ನಾನೂ ದಾರ ಹಿಡಿದು ಜಾಗ ಅಳೆಯೋಕೆ ಹೋಗ್ತಿದ್ದೀವಿ.