ವೈದ್ಯಶಾಲೆಯನ್ನು ಆರಿಸುವುದು

ನಮ್ಮ ಮನೆಗಳಲ್ಲಿ ಮಕ್ಕಳ ಮುಂದಿನ ವಿದ್ಯಾಭ್ಯಾಸದ ಮಾತು ಬಂದಾಗ ಹಿರಿಯರಾದವರು ಸಾಮಾನ್ಯವಾಗಿ ಎರಡೇ ಪ್ರಶ್ನೆಗಳನ್ನು ಕೇಳುವರು. ಶಾಲೆಗೆ ಹೆಸರಿದೆಯೇ? ಖರ್ಚೆಷ್ಟು? ಈ ಪ್ರಶ್ನೆಗಳು ಅಪ್ರಯೋಜಕವೆಂದು ನಾನು ಹೇಳಲಾರೆ. ಮಗಳ ಓದಿಗಾಗಿ ಸಾಲ ಮಾಡಿದ ಗೃಹಸ್ಥನಿಗೆ ಎರಡನೆಯದರ ಬೆಲೆ ಚೆನ್ನಾಗಿ ಗೊತ್ತು. ಆದರೆ ವೈದ್ಯವಿದ್ಯೆಯ ವಿಷಯದಲ್ಲಿ ಇವುಗಳಿಗಿಂತ ಮುಂಚೆ ಕೇಳಬೇಕಾದ ಬೇರೆ ಪ್ರಶ್ನೆಗಳಿವೆ. ಒಂದೇ ಕಾರ್ತಿಕಮಾಸದ ಆಚೀಚೆ ಇಬ್ಬರು ಹೆಣ್ಣುಮಕ್ಕಳು, ಒಬ್ಬಳು ಸಮುದ್ರದಾಚೆಯಿಂದಲೂ ಮತ್ತೊಬ್ಬಳು ಬಸವೇಶ್ವರನಗರದ ನಮ್ಮ ಕಾಂಪೌಂಡು ಗೋಡೆಯ ಆಚೆಯಿಂದಲೂ, ನನ್ನ ಸಲಹೆಯನ್ನು ಕೇಳಿದ್ದರಿಂದ ಈ ವಿಚಾರವನ್ನು ಕೊಂಚ ಆಳವಾಗಿ ನೋಡುವ ಅವಕಾಶ ನನಗೆ ಒದಗಿತು. ನಾನು ವೈದ್ಯನಲ್ಲ, ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು. ಆದರೂ ನಮ್ಮಲ್ಲಿ ಮೇಷ್ಟರಾಗಿದ್ದವನಿಗೆ ಎಲ್ಲವೂ ತಿಳಿದಿರುತ್ತದೆಂಬ ನಂಬಿಕೆ ಇನ್ನೂ ಹೋಗಿಲ್ಲ.

ಮೊದಲನೆಯವಳು ನನ್ನ ತಂಗಿಯ ಮಗಳು. ಅವಳ ತಂದೆತಾಯಿಗಳು ಬಹುಕಾಲದಿಂದ ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿ ನೆಲೆಸಿದ್ದಾರೆ. ಡೆಟ್ರಾಯಿಟ್ ಸೀಮೆಯಲ್ಲಿ ಕನ್ನಡಿಗರು ಸಾಕಷ್ಟಿದ್ದು, ಪಂಪನ ಹೆಸರಿನಲ್ಲಿ ಅಲ್ಲೊಂದು ಕನ್ನಡಕೂಟವೂ ನಡೆಯುತ್ತಿದೆ. ಹುಡುಗಿಗೆ ಎರಡು ಆಸ್ಟಿಯೋಪಥಿ ವೈದ್ಯಶಾಲೆಗಳಿಂದ ಕರೆ ಬಂದಿತ್ತು. ಈ ಶಬ್ದವನ್ನು ಕೇಳಿದೊಡನೆ ರಾಜಾಜಿನಗರದಲ್ಲಿರುವ ನಮ್ಮ ಬಂಧುವರ್ಗದಲ್ಲಿ ದೊಡ್ಡ ಕಳವಳವೇ ಉಂಟಾಯಿತು. "ಆಸ್ಟಿಯೋ" ಎಂದರೆ ಮೂಳೆಯಂತೆ. ಹಾಗಾದರೆ ಮಗು ಅಷ್ಟು ದೂರ ಹೋಗಿ, ಅಷ್ಟು ಓದಿ, ಕಡೆಗೆ ಪುತ್ತೂರು ಕಟ್ಟು ಕಟ್ಟುವುದನ್ನು ಕಲಿಯುವುದೇ ಎಂದು ನಮ್ಮ ದೊಡ್ಡಮ್ಮನವರು ಕಣ್ಣಲ್ಲಿ ನೀರು ತಂದುಕೊಂಡರು. (ಇದು ದಕ್ಷಿಣ ಕನ್ನಡದ ಪುತ್ತೂರಲ್ಲ, ಆಂಧ್ರದ ಪುತ್ತೂರು, ಮುರಿದ ಮೂಳೆಗೆ ಕಟ್ಟುಹಾಕುವ ಅಲ್ಲಿನವರ ಹೆಸರಿನ ಬೋರ್ಡುಗಳು ನಮ್ಮ ಬೆಂಗಳೂರಿನಲ್ಲಿ ಕಾಣದ ಬಡಾವಣೆಯಿಲ್ಲ.) ಅವರ ಸಂದೇಹಕ್ಕೆ ಉತ್ತರ ಹೇಳುವ ಹೊಣೆ ನನ್ನ ಮೇಲೆ ಬಿತ್ತು.

ಆಸ್ಟಿಯೋಪಥಿಯ ಮೂಲಪುರುಷನು ಆಂಡ್ರೂ ಟೇಲರ್ ಸ್ಟಿಲ್ ಎಂಬಾತ. 1828ರಲ್ಲಿ ಹುಟ್ಟಿದ ಈತನು ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ವೈದ್ಯವೃತ್ತಿಯಲ್ಲಿದ್ದವನು. 1864ರಲ್ಲಿ ಮೆದುಳುಪೊರೆಯ ಜ್ವರದಿಂದ ಅವನ ಮನೆಯ ಮೂವರು ಮಕ್ಕಳು ತೀರಿಕೊಂಡರು. ತಾನು ಕಲಿತ ವೈದ್ಯವು ತನ್ನ ಮಕ್ಕಳನ್ನೇ ಉಳಿಸಲಿಲ್ಲವಲ್ಲ ಎಂಬ ದುಃಖವು ಅವನನ್ನು ಹೊಸ ದಾರಿಗೆ ತಿರುಗಿಸಿತು. ಆ ದಿನಗಳಲ್ಲಿ ಪಾದರಸದ ಔಷಧಗಳನ್ನು ಧಾರಾಳವಾಗಿ ಕುಡಿಸುತ್ತಿದ್ದರೆಂಬುದನ್ನು ನೆನೆದರೆ ಅವನಿಗೆ ಔಷಧಗಳ ಮೇಲೆಯೇ ರೋಸಿಹೋದದ್ದು ಆಶ್ಚರ್ಯವಲ್ಲ. ಮೂಳೆ, ಕೀಲು, ಸ್ನಾಯುಗಳನ್ನು ಕೈಯಿಂದಲೇ ಒತ್ತಿ ತಿರುವಿ ಸರಿಪಡಿಸಿದರೆ ದೇಹವು ತನ್ನನ್ನು ತಾನೇ ಗುಣಪಡಿಸಿಕೊಳ್ಳುವುದೆಂದು ಅವನು 1874ರಿಂದ ಸಾರತೊಡಗಿದನು. 1892ರಲ್ಲಿ ಮಿಸೌರಿ ಸಂಸ್ಥಾನದ ಕರ್ಕ್ಸ್‌ವಿಲ್ ಎಂಬ ಸಣ್ಣ ಊರಿನಲ್ಲಿ ಶಾಲೆಯನ್ನು ತೆರೆದನು. ಮೊದಲನೆಯ ತಂಡದಲ್ಲಿಯೇ ಸ್ತ್ರೀಯರನ್ನೂ ಸೇರಿಸಿಕೊಂಡನೆಂಬುದು ಅವನ ಕೀರ್ತಿಗೆ ಸೇರತಕ್ಕ ಮಾತು.

ಸ್ಟಿಲ್ ಹೇಳಿದ್ದೆಲ್ಲವೂ ನಿಂತಿತೆಂದಲ್ಲ. ಅವನ ಶಿಷ್ಯಪರಂಪರೆಯು ಔಷಧಶಾಸ್ತ್ರವನ್ನೂ ಶಸ್ತ್ರಚಿಕಿತ್ಸೆಯನ್ನೂ ಒಂದೊಂದಾಗಿ ಒಳಗೆ ತೆಗೆದುಕೊಂಡಿತು. ಇಂದು ಅಮೆರಿಕದ ಆಸ್ಟಿಯೋಪಥಿ ವಿದ್ಯಾರ್ಥಿಯು ಉಳಿದ ವೈದ್ಯವಿದ್ಯಾರ್ಥಿಗಳು ಓದುವುದನ್ನೆಲ್ಲ ಓದಿ, ಅದರ ಮೇಲೆ ಸುಮಾರು ಇನ್ನೂರು ಗಂಟೆಗಳ ಕಾಲ ಆ ಕೈಚಿಕಿತ್ಸೆಯನ್ನೂ ಅಭ್ಯಾಸ ಮಾಡುತ್ತಾನೆ. ಸರಿಸಮಾನವಾದ ಹಕ್ಕು ಮಾತ್ರ ಸುಲಭವಾಗಿ ದೊರೆಯಲಿಲ್ಲ. 1962ರಲ್ಲಿ ಕ್ಯಾಲಿಫೋರ್ನಿಯದ ಎರಡು ಸಾವಿರಕ್ಕೂ ಹೆಚ್ಚು ಆಸ್ಟಿಯೋಪಥಿ ವೈದ್ಯರು ಅರವತ್ತೈದು ಡಾಲರು ಕೊಟ್ಟು ಎಂ.ಡಿ. ಎಂಬ ಬಿರುದನ್ನು ಪಡೆದು ತಮ್ಮ ಹಳೆಯ ಹೆಸರನ್ನು ಕಳಚಿಕೊಂಡರಂತೆ! ಅರವತ್ತೈದು ಡಾಲರಿಗೆ ಅವರ ವಿದ್ಯೆಯು ಹೆಚ್ಚಿತೋ ಕಡಿಮೆಯಾಯಿತೋ ವಾಚಕರೇ ಊಹಿಸಿಕೊಳ್ಳಲಿ. ಅಷ್ಟಾದರೂ ಉಳಿದವರು ಬಿಡಲಿಲ್ಲ. 1973ರ ಹೊತ್ತಿಗೆ ಐವತ್ತು ಸಂಸ್ಥಾನಗಳಲ್ಲಿಯೂ ಅವರಿಗೆ ಪೂರ್ಣವಾದ ವೈದ್ಯಾಧಿಕಾರ ಬಂದಿತು. 2020ರಲ್ಲಿ ಪದವಿಯ ನಂತರದ ಆಸ್ಪತ್ರೆಯ ತರಬೇತಿಯೂ ಎರಡು ಪಂಗಡಗಳಿಗೆ ಒಂದೇ ಏರ್ಪಾಡಿನ ಕೆಳಗೆ ಬಂದಿತು. ಇಂಗ್ಲೆಂಡಿನಲ್ಲಿ ಹಾಗಲ್ಲ, ಅಲ್ಲಿ ಆಸ್ಟಿಯೋಪಾತ್ ಎಂದರೆ 1993ರ ಕಾಯಿದೆಯಂತೆ ನೋಂದಾಯಿತನಾದ ಕೈಚಿಕಿತ್ಸಕನೇ ಹೊರತು ಡಾಕ್ಟರಲ್ಲ. ಒಂದೇ ಹೆಸರು ಎರಡು ದೇಶಗಳಲ್ಲಿ ಎರಡು ಅರ್ಥವನ್ನು ಕೊಡುವುದರಿಂದಲೇ ನಮ್ಮ ದೊಡ್ಡಮ್ಮನವರಂಥವರಿಗೆ ಗಾಬರಿಯಾಗುವುದು. ಇಷ್ಟನ್ನು ತಿಳಿಸಿ ಹೇಳಿದ ಮೇಲೆ ಅವರು ಸಮಾಧಾನಗೊಂಡು, "ಹಾಗಾದರೆ ನನ್ನ ಮಂಡಿನೋವಿಗೂ ಏನಾದರೂ ಮಾಡಿಯಾಳು" ಎಂದರು.

ಹೀಗೆ ಬಾಗಿಲಿನ ಹೆಸರಿನ ಚಿಂತೆ ತೀರಿತು. ಇನ್ನುಳಿದದ್ದು ಎರಡು ಶಾಲೆಗಳ ನಡುವಿನ ಆಯ್ಕೆ. ಒಂದು, ಸ್ಟಿಲ್ ಸ್ಥಾಪಿಸಿದ ಆ ಕರ್ಕ್ಸ್‌ವಿಲ್ಲಿನ ಮೂಲಶಾಲೆಯೇ. ಇನ್ನೊಂದು ಮಿಷಿಗನ್ ಸಂಸ್ಥಾನದ ವಿಶ್ವವಿದ್ಯಾನಿಲಯದ್ದು. 1969ರಲ್ಲಿ ಆರಂಭವಾದ ಇದು ಸಾರ್ವಜನಿಕ ವಿಶ್ವವಿದ್ಯಾನಿಲಯವೊಂದಕ್ಕೆ ಸೇರಿದ ಆಸ್ಟಿಯೋಪಥಿ ಶಾಲೆಗಳಲ್ಲಿ ಮೊದಲನೆಯದು. "ಮಾವ, ಗುರುಮಠಕ್ಕೆ ಹೋಗಲೋ, ಮನೆಯ ಹತ್ತಿರ ಇರಲೋ?" ಎಂದು ಹುಡುಗಿ ದೂರವಾಣಿಯಲ್ಲಿ ಕೇಳಿದಳು. ಗುರುಮಠವೆಂಬ ಮಾತನ್ನು ಅಲ್ಲಿ ಬೆಳೆದ ಮಗು ಬಳಸಿದ್ದು ನನಗೆ ಬಹಳ ಸಂತೋಷವಾಯಿತು. ಉತ್ತರ ಮಾತ್ರ ಕೂಡಲೇ ಹೊಳೆಯಲಿಲ್ಲ.

ಅವಳೊಡನೆ ಮಾತನಾಡುತ್ತ ಆಡುತ್ತ ನನಗೆ ತಿಳಿದ ಮುಖ್ಯಾಂಶವಿದು. ಆ ನಾಲ್ಕು ವರ್ಷಗಳಲ್ಲಿ ಮೊದಲಿನ ಎರಡು ಪುಸ್ತಕಕ್ಕೂ ಅಂಗಚ್ಛೇದಕ್ಕೂ ಸಲ್ಲುವವು. ಅವು ಯಾವ ಒಳ್ಳೆಯ ಶಾಲೆಯಲ್ಲಿಯೂ ಹೆಚ್ಚುಕಡಿಮೆ ಒಂದೇ ತೆರ. ಪರೀಕ್ಷೆಯೂ ದೇಶಕ್ಕೆಲ್ಲ ಒಂದೇ, ಅದರ ಮೊದಲ ಘಟ್ಟಕ್ಕೆ 2022ರಿಂದ ಅಂಕಗಳೂ ಇಲ್ಲ, ಉತ್ತೀರ್ಣ ಅನುತ್ತೀರ್ಣ ಎಂಬ ಎರಡೇ ಮಾತು. ನಿಜವಾದ ವೈದ್ಯವು ಹುಟ್ಟುವುದು ಮೂರನೆಯ ವರ್ಷದಲ್ಲಿ, ರೋಗಿಯ ಹಾಸಿಗೆಯ ಪಕ್ಕದಲ್ಲಿ. ಆದರೆ ಆಸ್ಟಿಯೋಪಥಿ ಶಾಲೆಗಳಲ್ಲಿ ಅನೇಕಕ್ಕೆ ಸ್ವಂತದ ದೊಡ್ಡ ಆಸ್ಪತ್ರೆಯೇ ಇಲ್ಲ! ಆ ವರ್ಷ ಬಂದೊಡನೆ ವಿದ್ಯಾರ್ಥಿಗಳು ಗುಂಪುಗುಂಪಾಗಿ ಬೇರೆ ಬೇರೆ ಊರುಗಳ ಆಸ್ಪತ್ರೆಗಳಿಗೆ ಹಂಚಿಹೋಗುತ್ತಾರೆ. ಕರ್ಕ್ಸ್‌ವಿಲ್ಲಿನವರೂ ಹೀಗೆ ಹಲವು ಸಂಸ್ಥಾನಗಳಿಗೆ ಚದುರುವವರೇ. ಮಿಷಿಗನ್ನಿನವರಿಗೆ ಆ ಸಂಸ್ಥಾನದೊಳಗಿನ ಆಸ್ಪತ್ರೆಗಳ ಒಂದು ಸರಣಿಯೇ ಇದೆ. ಆದಕಾರಣ ಶಾಲೆಯನ್ನು ಆರಿಸುವುದೆಂದರೆ ಕಟ್ಟಡವನ್ನು ಆರಿಸುವುದಲ್ಲ, ಮೂರನೆಯ ವರ್ಷದಲ್ಲಿ ತಾನು ನಿಲ್ಲಬೇಕಾದ ಹಾಸಿಗೆಯ ಪಕ್ಕವನ್ನು ಆರಿಸುವುದು. ಆ ಊರು ಯಾವುದು? ಅದು ಇಷ್ಟಪಟ್ಟು ಸಿಕ್ಕುವುದೋ ಚೀಟಿ ಎತ್ತಿ ಸಿಕ್ಕುವುದೋ? ಅಲ್ಲಿ ಮಂಚಗಳೆಷ್ಟು? ಹೊಸ ಡಾಕ್ಟರುಗಳಿಗೆ ತರಬೇತಿ ಕೊಡುವ ಹಿರಿಯರು ಅಲ್ಲಿದ್ದಾರೆಯೇ, ಅಥವಾ ಬಿಡುವಿಲ್ಲದ ಒಬ್ಬ ವೈದ್ಯನ ಬೆನ್ನ ಹಿಂದೆ ಮೌನವಾಗಿ ತಿರುಗಬೇಕೇ? ಇವುಗಳನ್ನು ಶಾಲೆಯವರನ್ನು ಕೇಳು, ಅದಕ್ಕಿಂತ ಹೆಚ್ಚಾಗಿ ನಾಲ್ಕನೆಯ ವರ್ಷದ ಹುಡುಗರನ್ನು ಕೇಳು ಎಂದೆ.

ಖರ್ಚಿನ ಮಾತನ್ನೂ ಬಿಡುವಂತಿರಲಿಲ್ಲ. ಅಲ್ಲಿನ ಖಾಸಗಿ ವೈದ್ಯಶಾಲೆಗಳಲ್ಲಿ ಬೋಧನಾಶುಲ್ಕವೊಂದೇ ವರ್ಷಕ್ಕೆ ಐವತ್ತು ಸಾವಿರ ಡಾಲರು ಮೀರುವುದು ಸಾಮಾನ್ಯ. 2025ರ ಶಾಸನವೊಂದರಂತೆ, 2026ರ ಜುಲೈಯಿಂದ ಹೊಸದಾಗಿ ಸಾಲ ಪಡೆಯುವ ವೈದ್ಯವಿದ್ಯಾರ್ಥಿಗೆ ಕೇಂದ್ರ ಸರ್ಕಾರದ ಸಾಲವು ವರ್ಷಕ್ಕೆ 50,000 ಡಾಲರು, ಒಟ್ಟು 2,00,000 ಡಾಲರುಗಳನ್ನು ದಾಟುವಂತಿಲ್ಲ. ಮಿಕ್ಕದ್ದಕ್ಕೆ ಖಾಸಗಿ ಸಾಹುಕಾರರೇ ಗತಿ. ಸಾರ್ವಜನಿಕ ಶಾಲೆಯಲ್ಲಿ ಆ ಸಂಸ್ಥಾನದ ನಿವಾಸಿಗಳಿಗೆ ಶುಲ್ಕವು ಹೊರಗಿನವರಿಗಿಂತ ಕಡಿಮೆ. ತಂಗಿಯ ಯಜಮಾನರು ಈ ಲೆಕ್ಕವನ್ನು ಮೊದಲೇ ಹಾಕಿಟ್ಟಿದ್ದರು. ಮಗಳ ಮನಸ್ಸು ನೋಯುವುದೆಂದು ಬಾಯಿಬಿಟ್ಟಿರಲಿಲ್ಲ.

ಇನ್ನು ಗೋಡೆಯಾಚೆಯ ಹುಡುಗಿಯ ವಿಷಯ. ನೀಟ್ ಪರೀಕ್ಷೆಯಲ್ಲಿ ಅವಳಿಗೆ ಬಂದ ಸ್ಥಾನವು ಸರ್ಕಾರಿ ಎಂ.ಬಿ.ಬಿ.ಎಸ್. ಸೀಟಿಗೆ ಕೊಂಚದರಲ್ಲಿ ಸಾಲದಾಯಿತು. ನಮ್ಮ ಪಶ್ಚಿಮ ಬೆಂಗಳೂರಿನಲ್ಲಿ ವೈದ್ಯಶಾಲೆಗಳಿಗೆ ಬರಗಾಲವಿಲ್ಲ. ಕುಂಬಳಗೋಡಿನಲ್ಲಿ, ಕೆಂಗೇರಿಯಲ್ಲಿ ದೊಡ್ಡ ಖಾಸಗಿ ಕಾಲೇಜುಗಳಿವೆ, ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಗೂ ಕಾಲೇಜು ಸೇರಿದೆ, ವಿಮೆ ಮಾಡಿಸಿದ ಕಾರ್ಮಿಕರ ಮಕ್ಕಳಿಗೆ ಅಲ್ಲಿ ಕೆಲವು ಸ್ಥಾನಗಳು ಮೀಸಲು. ವಿಜಯನಗರದಲ್ಲಿ ಆಯುರ್ವೇದದ ಖಾಸಗಿ ಕಾಲೇಜಿದೆ. ಕವಿ ಸಿದ್ದಯ್ಯ ಪುರಾಣಿಕರ ಹೆಸರನ್ನು ಹೊತ್ತಿರುವ ನಮ್ಮ ಬಸವೇಶ್ವರನಗರದ ರಸ್ತೆಯಲ್ಲಿ ಸರ್ಕಾರದ ಹೋಮಿಯೋಪಥಿ ಕಾಲೇಜೂ ಯುನಾನಿ ಕಾಲೇಜೂ ಇವೆ. ಇಷ್ಟು ಬಾಗಿಲುಗಳಲ್ಲಿ ಯಾವುದು? ತಂದೆಯ ಇಚ್ಛೆ, ಕೆಂಗೇರಿ ಉಪನಗರದ ಮೂವತ್ತು ನಲವತ್ತರ ನಿವೇಶನವನ್ನು ಮಾರಿ ಮ್ಯಾನೇಜ್‌ಮೆಂಟ್ ಸೀಟು ಕೊಳ್ಳುವುದು. ತಾಯಿಯ ಇಚ್ಛೆ, ನಡೆದು ಹೋಗಿಬರುವಷ್ಟು ಹತ್ತಿರದ ಹೋಮಿಯೋಪಥಿ. ಹುಡುಗಿಗೆ ಬೇಕಾದದ್ದು ಶಸ್ತ್ರಚಿಕಿತ್ಸೆ.

ಇಲ್ಲಿ ನನ್ನ ಸೋದರಸೊಸೆಗೆ ಹೇಳಿದ ಮಾತನ್ನೇ ಹೇಳಲು ಬರುವಂತಿರಲಿಲ್ಲ. ಅಮೆರಿಕದಲ್ಲಿ ಎರಡು ಬಾಗಿಲುಗಳು ಒಂದೇ ಹಜಾರಕ್ಕೆ ತೆರೆಯುತ್ತವೆ. ನಮ್ಮಲ್ಲಿ ಒಂದೊಂದು ಬಾಗಿಲಿಗೆ ಒಂದೊಂದು ಕೋಣೆ. ಎಲ್ಲ ಪದವಿಗಳಿಗೂ ಕಡ್ಡಾಯದ ಆಸ್ಪತ್ರೆಯ ವರ್ಷ ಸೇರಿ ಐದೂವರೆ ವರ್ಷವೇ. ಆದರೂ ಹೊರಗೆ ಬಂದ ಮೇಲೆ ಕೈಗಳ ಅಧಿಕಾರ ಬೇರೆ ಬೇರೆ. ಹೋಮಿಯೋಪಥಿ ಕಲಿತವನು ಅಲೋಪಥಿಯ ಔಷಧ ಕೊಟ್ಟರೆ ಅದೇ ನಿರ್ಲಕ್ಷ್ಯವೆಂದು ಸುಪ್ರೀಂ ಕೋರ್ಟು 1996ರಲ್ಲಿಯೇ ತೀರ್ಪು ಕೊಟ್ಟಿದೆ. ಸರ್ಕಾರಗಳು ಅಲ್ಲಲ್ಲಿ ಕೊಟ್ಟಿರುವ ವಿನಾಯಿತಿಗಳ ಮಾತು ಬೇರೆ. ಹದಿನೆಂಟನೆಯ ವಯಸ್ಸಿನಲ್ಲಿ ಗಣಕಯಂತ್ರದ ಮುಂದೆ ಕುಳಿತು ತುಂಬುವ ಇಚ್ಛಾಪಟ್ಟಿಯು ಮುಂದಿನ ನಲವತ್ತು ವರ್ಷ ಅವಳ ಲೇಖನಿ ಏನನ್ನು ಬರೆಯಬಹುದು, ಏನನ್ನು ಬರೆಯಕೂಡದು ಎಂಬುದನ್ನು ನಿರ್ಣಯಿಸುತ್ತದೆ. ಆದ್ದರಿಂದ ನಮ್ಮಲ್ಲಿ ಬಾಗಿಲಿನ ಹೆಸರನ್ನು ಮೊದಲು ಓದಬೇಕು. ಹಾಸಿಗೆಯನ್ನು ಆಮೇಲೆ ಎಣಿಸಬೇಕು.

ಹೋಮಿಯೋಪಥಿಗೆ ನಮ್ಮ ನಾಡಿನಲ್ಲಿ ಗೌರವದ ಚರಿತ್ರೆಯಿದೆ. 1880ರಲ್ಲಿ ಫಾದರ್ ಮುಲ್ಲರ್ ಎಂಬ ಪಾದ್ರಿಗಳು ಮಂಗಳೂರಿನ ಕಂಕನಾಡಿಯಲ್ಲಿ ಈ ಔಷಧಗಳನ್ನು ಕೊಡಲಾರಂಭಿಸಿದ್ದೇ ಬೆಳೆದು ದೊಡ್ಡ ಆಸ್ಪತ್ರೆಯಾಯಿತು. 1985ರಿಂದ ಅಲ್ಲಿ ಹೋಮಿಯೋಪಥಿ ಕಾಲೇಜೂ ಇದೆ. ಆದರೆ ಆ ಗುಳಿಗೆಗಳಿಂದ ಯಾವ ರೋಗವೂ ಗುಣವಾಗುವುದೆಂಬುದಕ್ಕೆ ನಂಬತಕ್ಕ ಸಾಕ್ಷ್ಯವಿಲ್ಲವೆಂದು ಆಸ್ಟ್ರೇಲಿಯದ ಸರ್ಕಾರಿ ಸಂಶೋಧನ ಮಂಡಲಿ 2015ರಲ್ಲಿ ಹೇಳಿತು. ಆ ತಾಯಿಯವರು ನಂಬುವ ಗುಳಿಗೆಯನ್ನು ನಾನು ಅವರೆದುರಿಗೆ ಹಳಿಯಲಿಲ್ಲ. ಶಸ್ತ್ರವನ್ನು ಹಿಡಿಯಬೇಕೆನ್ನುವ ಮಗುವಿಗೆ ಅದು ದಾರಿಯಲ್ಲವೆಂದಷ್ಟೇ ಹೇಳಿದೆ.

ಆಯುರ್ವೇದದ ವಿಷಯ ಬೇರೆ. ಅದರಲ್ಲಿ ಶಲ್ಯತಂತ್ರವೆಂಬುದು ಪ್ರತ್ಯೇಕ ಅಂಗ. ಪದವಿಯಾದ ಮೇಲೆ ಮೂರು ವರ್ಷ ಅದನ್ನೋದಿದವರೂ, ಕಣ್ಣು ಕಿವಿ ಮೂಗುಗಳ ಶಾಲಾಕ್ಯವನ್ನೋದಿದವರೂ ಮಾಡಬಹುದಾದ 58 ಶಸ್ತ್ರಕ್ರಿಯೆಗಳನ್ನು ಕೇಂದ್ರದ ಮಂಡಲಿಯು 2020ರಲ್ಲಿ ಪಟ್ಟಿಮಾಡಿತು. ಅಲೋಪಥಿಯ ಸಂಘದವರು ಇದನ್ನು ಬಲವಾಗಿ ವಿರೋಧಿಸಿದರು. ಅವರ ಆಕ್ಷೇಪಣೆಯಲ್ಲಿ ಹುರುಳಿಲ್ಲವೆಂದು ಹೇಳಲಾರೆ. ಮೂಲವ್ಯಾಧಿ ಭಗಂದರಗಳ ಕ್ಷಾರಸೂತ್ರಚಿಕಿತ್ಸೆಯಂತಹದರಲ್ಲಿ ಆಯುರ್ವೇದದವರ ಕೈಗುಣವನ್ನು ಮಾತ್ರ ಆ ಸಂಘದವರಲ್ಲಿಯೂ ಕೆಲವರು ಒಪ್ಪುವುದನ್ನು ಕೇಳಿದ್ದೇನೆ.

ಹಾಸಿಗೆ ಎಣಿಸಲು ನಾವು ಮೂವರೂ, ಹುಡುಗಿ, ಅವಳ ತಂದೆ ಮತ್ತು ನಾನು, ಎರಡು ಮೂರು ಕಡೆ ಹೋದೆವು. ಒಂದು ಖಾಸಗಿ ಆಯುರ್ವೇದ ಶಾಲೆಯಲ್ಲಿ (ಹೆಸರು ಬೇಡ, ನಗರದ ಒಳಗಿನದೂ ಅಲ್ಲ) ಅಮೃತಶಿಲೆಯ ಧನ್ವಂತರಿಯ ವಿಗ್ರಹವೂ ಕಾರಂಜಿಯೂ ಇದ್ದವು. ಬೆಳಗಿನ ಹನ್ನೊಂದು ಗಂಟೆಗೆ ವಾರ್ಡಿನ ಮಂಚಗಳ ಮೇಲೆ ಮಡಿಚಿದ ಬಿಳಿಯ ಹೊದಿಕೆಗಳು ಮಾತ್ರ ಇದ್ದವು. ಆನಂದರಾವ್ ಸರ್ಕಲಿನ ಬಳಿ ಧನ್ವಂತರಿ ರಸ್ತೆಯಲ್ಲಿರುವ ಸರ್ಕಾರಿ ಆಯುರ್ವೇದ ಕಾಲೇಜಿಗೆ ಜಯಚಾಮರಾಜೇಂದ್ರ ಒಡೆಯರ ಹೆಸರಿನ ಆಸ್ಪತ್ರೆಯು ಸೇರಿದೆ. ಅಲ್ಲಿ ಅಮೃತಶಿಲೆಯನ್ನು ನಾನು ಹುಡುಕಲಿಲ್ಲ. ಚೀಟಿ ಹಿಡಿದು ಬೆಂಚಿನ ಮೇಲೆ ಕುಳಿತ ಜನರನ್ನೂ, ಒಬ್ಬ ಮುದುಕರ ಕಾಲಿನ ಹುಣ್ಣನ್ನು ಬಿಚ್ಚಿ ತೋರಿಸುತ್ತಿದ್ದ ಅಧ್ಯಾಪಕರ ಸುತ್ತ ಬಾಗಿ ನಿಂತ ನಾಲ್ಕಾರು ವಿದ್ಯಾರ್ಥಿಗಳನ್ನೂ ಹುಡುಗಿ ಬಹಳ ಹೊತ್ತು ನೋಡುತ್ತಿದ್ದಳು. ತಂದೆ ಹೊರಗೆ ಬಂದು, "ಮೇಷ್ಟ್ರೇ, ಇವಳಿಗೆ ವಾಸನೆಯೇ ಬರಲಿಲ್ಲವಲ್ಲ!" ಎಂದರು.

ಮಲ್ಲೇಶ್ವರದ ಪರೀಕ್ಷಾ ಪ್ರಾಧಿಕಾರದವರು ಇಚ್ಛಾಪಟ್ಟಿಗೆ ಕೊಟ್ಟ ಕಡೆಯ ದಿನ ರಾತ್ರಿ ಆ ಮನೆಯಲ್ಲಿ ದೀಪವು ಬಹಳ ಹೊತ್ತು ಉರಿಯುತ್ತಿತ್ತು. ಧನ್ವಂತರಿ ರಸ್ತೆಯದನ್ನು ಅವಳು ಮೊದಲನೆಯದಾಗಿ ಬರೆದಳು. ಎರಡನೆಯ ಸುತ್ತಿನಲ್ಲಿ ಅದೇ ಬಂದಿತು. ಈಗ ಬೆಳಿಗ್ಗೆ ಎಂಟಕ್ಕೆ ಬಿಳಿಯ ಕೋಟನ್ನು ಮಡಿಚಿ ಚೀಲದಲ್ಲಿಟ್ಟುಕೊಂಡು ಬಸ್ಸಿಗೆ ಹೋಗುತ್ತಾಳೆ. ಸಂಸ್ಕೃತದ ಪಾಠ ಕಷ್ಟವೆಂದು ಭಾನುವಾರಗಳಲ್ಲಿ ನಮ್ಮ ಮನೆಗೆ ಬರುವುದುಂಟು. ಮಿಷಿಗನ್ನಿನ ಹುಡುಗಿಯು ಅಲ್ಲಿಯ ಶಾಲೆಗೇ ಒಪ್ಪಿಗೆ ಕೊಟ್ಟಳು. ನಾಲ್ಕನೆಯ ವರ್ಷದ ಐದು ಜನರನ್ನು ಕೇಳಿದಳಂತೆ. ಅವರಲ್ಲಿ ಒಬ್ಬರು ಹೇಳಿದ್ದು ಇನ್ನೊಬ್ಬರು ಹೇಳಿದ್ದಕ್ಕೆ ಹೊಂದಲಿಲ್ಲವಂತೆ. ಕರ್ಕ್ಸ್‌ವಿಲ್ಲನ್ನು ರಜೆಯಲ್ಲಿ ನೋಡಿಬರುವುದಾಗಿ ಬರೆದಿದ್ದಾಳೆ. ಗೋಡೆಯಾಚೆಯ ಗೃಹಸ್ಥರು ನಿವೇಶನವನ್ನು ಮಾರಲಿಲ್ಲ. ದಲ್ಲಾಳಿ ಮಾತ್ರ ವಾರಕ್ಕೊಮ್ಮೆ ಬಂದು, ಮಗಳು ಮನಸ್ಸು ಬದಲಾಯಿಸಿದಳೇ ಎಂದು ಕೇಳಿ ಕಾಫಿ ಕುಡಿದು ಹೋಗುತ್ತಾನೆ.