ನಮ್ ಹುಡುಗ್ರಿಗಿ ಕೈಕೆಲ್ಸ ಯಾಕ?



ಕುರಕುಂಟಾದ ನಮ್ಮ ಭಾನುವಾರದ ಕ್ಲಾಸಿನಲ್ಲಿ ಮಕ್ಕಳು ಕಾಗದದ ಹಕ್ಕಿ ಹಿಡಿದು ನಿಂತ ಫೋಟೋ ಹಾಕಿದ ಮೇಲೆ ಒಂದೇ ಪ್ರಶ್ನೆ ಬೇರೆ ಬೇರೆ ಬಾಯಲ್ಲಿ ಬರ್ತಾ ಇದೆ. ಸಂಘಟನೆಯ ಗೆಳೆಯರು ನಯವಾಗಿ ಕೇಳಿದರು. ಮುಖಕ್ಕೆ ಹೊಡೆದಂಗ ಕೇಳಿದ್ದು ನಮ್ಮ ಓಣಿಯ ಒಬ್ಬ ಕಾಕಾ. ಜೀವನ ಪೂರ್ತಿ ಪರ್ಸಿ ಕಲ್ಲಿನ ಖಣಿಯಲ್ಲಿ ದುಡಿದವರು.

"ತಮ್ಮಾ, ನಮ್ಮಪ್ಪ ಕೈಲೇ ದುಡಿದ, ನಾನೂ ಕೈಲೇ ದುಡಿದೆ. ಈಗ ನನ್ನ ಮೊಮ್ಮಗಳಿಗೂ ಕೈಕೆಲ್ಸನೇ ಕಲಸ್ಲಾಕತ್ತಿ ಏನು? ಇಂಗ್ಲಿಷ್ ಹೇಳು, ಕಂಪ್ಯೂಟರ್ ಹೇಳು. ಕಾಗದ ಮಡಚಿದ್ರ ಹೊಟ್ಟಿ ತುಂಬ್ತದೇನು?"

ಈ ಪ್ರಶ್ನೆಯನ್ನ ನಕ್ಕು ದಾಟಿಸೋ ಹಂಗಿಲ್ಲ. ನಮ್ಮ ಮಕ್ಕಳ ಕೈಯನ್ನ ಈ ದೇಶದ ಶಾಲೆಗಳು ಯಾವುದಕ್ಕೆ ಬಳಸಿವೆ ಅಂತ ನಮಗೆ ಗೊತ್ತು. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲೂಕಿನ ಒಂದು ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನ ಶೌಚಗುಂಡಿಗೆ ಇಳಿಸಿದ್ದನ್ನ ನಾವೆಲ್ಲ ನೋಡಿದ್ದೇವೆ. ಭಾಷಣ, ಶ್ಲೋಕ, ಬಹುಮಾನ ಒಂದು ಕಡೆ. ಕಸಬರಿಗೆ, ಬಕೆಟ್, ತೋರಣ ಕಟ್ಟೋದು ಇನ್ನೊಂದು ಕಡೆ. ಆ ಇನ್ನೊಂದು ಕಡೆಗೆ ಯಾರ ಮಕ್ಕಳು ಹೋಗ್ತಾರೆ ಅಂತ ಹಾಜರಿ ಪುಸ್ತಕ ನೋಡೋದೇ ಬೇಡ. ಅದಕ್ಕೇ ಕಾಕಾನ ಸಿಟ್ಟು ನನಗೂ ಇದೆ. ಆದರೂ ಹಕ್ಕಿ ಮಾಡಿಸೋದನ್ನ ನಾನು ಬಿಡೋದಿಲ್ಲ. ಯಾಕೆ ಅಂತ ಹೇಳೋಕೆ ಮೊದಲು ಹಕ್ಕಿ ಮಾಡೋಣ. ಓದ್ತಾ ಓದ್ತಾ ಒಂದು ಹಾಳೆ ತಗೊಳ್ಳಿ.

ಬೇಕಾಗಿದ್ದು ಒಂದು ಚೌಕ ಹಾಳೆ. ನೋಟ್‌ಬುಕ್ ಹಾಳೆ ಉದ್ದ ಇರ್ತದೆ. ಒಂದು ಮೂಲೆಯನ್ನ ಎದುರಿನ ಉದ್ದ ಅಂಚಿಗೆ ಸರಿಯಾಗಿ ಕೂಡಿಸಿ ಮಡಚಿ. ಮುಕ್ಕೋನದ ಹೊರಗೆ ಉಳಿದ ಪಟ್ಟಿ ಹರಿದು ತೆಗೆದರೆ ಚೌಕ ಸಿಕ್ತು. ಹರಿಯೋದು ಇಷ್ಟೇ. ಇನ್ನು ಕತ್ತರಿ ಇಲ್ಲ, ಅಂಟಿಲ್ಲ.

ಎರಡೂ ಕರ್ಣಗಳ ಮೇಲೆ ಮಡಚಿ ಬಿಚ್ಚಿ. ಹಾಳೆ ಮಗುಚಿ, ನಟ್ಟನಡುವೆ ಉದ್ದಕ್ಕೊಂದು ಅಡ್ಡಕ್ಕೊಂದು ಮಡಚಿ ಬಿಚ್ಚಿ. ಈಗ ನಾಲ್ಕೂ ಮೂಲೆ ಒಂದೇ ಕಡೆ ಕೂಡಿಸಿದರೆ ಹಾಳೆ ತಾನಾಗೇ ಕೂತು ಚಿಕ್ಕ ಚೌಕ ಆಗ್ತದೆ. ಬಿಚ್ಚಿದ ತುದಿ ನಿಮ್ಮ ಕಡೆ ಇರಲಿ. ಮೇಲಿನ ಪದರದ ಎರಡು ಕೆಳ ಅಂಚುಗಳನ್ನ ನಡುಗೆರೆಗೆ ತಂದು ಮಡಚಿ, ಮೇಲಿನ ಮುಕ್ಕೋನವನ್ನ ಕೆಳಕ್ಕೆ ಮಡಚಿ, ಆಮೇಲೆ ಮೂರನ್ನೂ ಬಿಚ್ಚಿ. ಕೆಳತುದಿಯ ಒಂದೇ ಪದರ ಹಿಡಿದು ಮೇಲಕ್ಕೆತ್ತಿದರೆ ಎರಡೂ ಬದಿ ಒಳಕ್ಕೆ ಬಂದು ಬೇವಿನ ಎಲೆಯಂಗೆ ಚೂಪಾಗ್ತದೆ. ಹಿಂಬದಿಗೂ ಹಿಂಗೇ ಮಾಡಿ.

ಈಗ ಕೆಳಗೆ ಎರಡು ಚೂಪು ಕೊನೆಗಳು ಬೇರೆ ಬೇರೆ ಇರ್ತವೆ. ಒಂದನ್ನ ಎಡಕ್ಕೆ, ಒಂದನ್ನ ಬಲಕ್ಕೆ, ಪದರದ ಒಳಗಿಂದ ಹೊರಳಿಸಿ ಮೇಲಕ್ಕೆ ತನ್ನಿ. ಒಂದು ಕುತ್ತಿಗೆ, ಒಂದು ಬಾಲ. ಕುತ್ತಿಗೆಯ ತುದಿ ಬಗ್ಗಿಸಿದರೆ ತಲೆ. ಮೇಲಿನ ಎರಡು ದೊಡ್ಡ ಕೊನೆಗಳನ್ನ ಸ್ವಲ್ಪ ಕೆಳಕ್ಕೆ ಬಾಗಿಸಿ, ಅವೇ ರೆಕ್ಕೆ. ಎದೆಯ ಕೆಳಗೆ ಒಂದು ಕೈಲಿ ಹಿಡೀರಿ, ಇನ್ನೊಂದು ಕೈಲಿ ಬಾಲ ಮೆಲ್ಲಗೆ ಎಳೀರಿ. ರೆಕ್ಕೆ ಬಡೀತದೆ.

ಜಪಾನಿನ ಹೆಸರಾದ ಕಾಗದದ ಕೊಕ್ಕರೆಯ ಹತ್ತಿರದ ಬಳಗ ಇದು. ಕೊಕ್ಕರೆ ಮಾಡುವಾಗ ಕುತ್ತಿಗೆ ಬಾಲ ಸಣ್ಣ ಮಾಡೋಕೆ ಇನ್ನೊಂದು ಸುತ್ತು ಮಡಚ್ತಾರೆ, ಇದರಲ್ಲಿ ಅದಿಲ್ಲ. ಬಾಲಕ್ಕೂ ರೆಕ್ಕೆಗೂ ಒಳಗೆ ಯಾವ ದಾರವೂ ಇಲ್ಲ. ಎಲ್ಲಾ ಒಂದೇ ಹಾಳೆ. ಬಾಲ ಎಳೆದಾಗ ಹೊಟ್ಟೆಯ ಪದರಗಳು ಅಗಲ ಆಗ್ತವೆ, ರೆಕ್ಕೆಯ ಬುಡ ಅದೇ ಪದರಕ್ಕೆ ಸೇರಿರೋದರಿಂದ ರೆಕ್ಕೆ ಕೆಳಗೆ ಬರ್ತದೆ. ಬಿಟ್ಟರೆ ಮೇಲೆ ಹೋಗ್ತದೆ.

ಆರನೇ ಕ್ಲಾಸಿನ ಒಬ್ಬ ಹುಡುಗಿಯ ಹಕ್ಕಿ ರೆಕ್ಕೆ ಬಡೀಲಿಲ್ಲ. ನಾವು ಹೊಸ ಹಾಳೆ ಕೊಡೋಕೆ ಹೋದರೆ ಬೇಡ ಅಂದಳು. ಪೂರ್ತಿ ಬಿಚ್ಚಿ ನೆಲದ ಮೇಲೆ ಹರವಿ, ಗೆರೆಗಳ ಮೇಲೆ ಬೆರಳಾಡಿಸ್ತಾ ಹೋದಳು. "ಮೊದಲ್ನೇ ಮಡಿಕೀನೇ ಸೊಟ್ಟ ಅದ, ಅಕ್ಕ" ಅಂದಳು. ಅಲ್ಲಿಂದ ಮತ್ತೆ ಮಾಡಿದಳು. ಯಾರ ಮೇಲೂ ಕೋಪ ಇಲ್ಲ, ಅಳು ಇಲ್ಲ. ಎಲ್ಲಿ ತಪ್ಪಿದೆ ಅಂತ ತಾನೇ ಹುಡುಕಿ, ಕಾರಣ ಹೇಳಿ, ತಾನೇ ಸರಿ ಮಾಡೋದು. ಇದಕ್ಕೆ ವೈಜ್ಞಾನಿಕ ಮನೋಭಾವ ಅಂತ ದೊಡ್ಡ ಹೆಸರಿದೆ.

ಲೆಕ್ಕ ಎಲ್ಲಿದೆ ಅನ್ನೋರಿಗೆ: ಚೌಕದ ಮೂಲೆ 90 ಡಿಗ್ರಿ. ಕರ್ಣದ ಮೇಲೆ ಮಡಚಿದರೆ 45. ಆ ಎಲೆಯ ಆಕಾರಕ್ಕೆ ಅಂಚನ್ನ ನಡುಗೆರೆಗೆ ತಂದಾಗ 22.5. ಕೋನಮಾಪಕ ಇಲ್ಲದೆ, ಕಂಪಾಸ್ ಬಾಕ್ಸ್ ಕೊಳ್ಳದೆ, ಮಗು ಕೋನವನ್ನ ಸರಿ ಅರ್ಧ ಮಾಡಿದೆ. ಹತ್ತನೇ ಕ್ಲಾಸಲ್ಲಿ ಬಾಯಿಪಾಠ ಮಾಡಿ ಮರೆತ ರೇಖಾಗಣಿತ ಇದೇ.

ನಮ್ಮೂರಿನ ನೆಲ ನೋಡಿದವರಿಗೆ ಇದು ಹೊಸದಲ್ಲ. ಸೇಡಂ, ಚಿತ್ತಾಪುರ, ಶಹಾಬಾದ, ಆಚೆ ತಾಂಡೂರು, ಎಲ್ಲಾ ಕಡೆ ನೆಲದೊಳಗೆ ಪದರ ಪದರವಾಗಿ ಸುಣ್ಣದಕಲ್ಲು. ಅದೇ ಕಲ್ಲು ಸಿಮೆಂಟ್ ಕಾರ್ಖಾನೆಗೆ ಹೋಗ್ತದೆ, ಅದೇ ಕಲ್ಲು ಪರ್ಸಿಯಾಗಿ ದೇಶದ ತುಂಬ ಮನೆಗಳಿಗೆ ಹೋಗ್ತದೆ. ಕುರಕುಂಟಾದಲ್ಲೇ ಕೇಂದ್ರ ಸರ್ಕಾರದ ಸಿಮೆಂಟ್ ಕಾರ್ಖಾನೆ ಇತ್ತು, ಬಂದಾಗಿ ಎರಡು ದಶಕದ ಮೇಲಾಯ್ತು. ಖಣಿಯಲ್ಲಿ ಛಿಣಿ ಎಲ್ಲಿ ಇಟ್ಟರೆ ಪದರ ಒಡೆಯದೆ ಎದ್ದು ಬರ್ತದೆ ಅಂತ ನಮ್ಮ ಹಿರಿಯರ ಕೈಗೆ ಗೊತ್ತು. ಗೌಂಡಿಗಳು ಮೂರು, ನಾಲ್ಕು, ಐದು ಫೂಟಿನ ದಾರ ಹಿಡಿದು ಲಂಬಕೋನ ತೆಗೀತಾರೆ. ಅದನ್ನ ಪುಸ್ತಕದಲ್ಲಿ ಪೈಥಾಗೊರಸ್ ಪ್ರಮೇಯ ಅಂತಾರೆ. ಖಣಿಯಲ್ಲಿ ಕೂಲಿ ಅಂತಾರೆ.

1893ರಲ್ಲಿ, ಬಾಬಾಸಾಹೇಬರು ಎರಡು ವರ್ಷದ ಕೂಸಾಗಿದ್ದಾಗ, ಮದ್ರಾಸಿನಲ್ಲಿ ಟಿ. ಸುಂದರ ರಾವ್ ಅನ್ನೋರು ಕಾಗದ ಮಡಚಿ ರೇಖಾಗಣಿತ ಕಲಿಸೋ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಕಿಂಡರ್‌ಗಾರ್ಟನ್ ಮಕ್ಕಳ ಕಾಗದ ಮಡಚುವ ಆಟದಿಂದ ಹುಟ್ಟಿದ ಯೋಚನೆ. ಮುಂದೆ ಅದು ಅಮೆರಿಕದಲ್ಲೂ ಅಚ್ಚಾಯ್ತು. ಜಪಾನಿನಲ್ಲಿ ಈ ಕಲೆಯನ್ನ ಲೋಕಕ್ಕೆ ಎತ್ತಿ ತೋರಿಸಿದ ಅಕಿರಾ ಯೋಶಿಝಾವಾ ಹದಿಮೂರನೇ ವಯಸ್ಸಿಗೆ ಕಾರ್ಖಾನೆ ಸೇರಿದ ಹುಡುಗ. ಮುಂದೆ ಹೊಸ ಕೆಲಸಗಾರರಿಗೆ ರೇಖಾಗಣಿತ ಕಲಿಸೋ ಕೆಲಸ ಬಂದಾಗ ಕಾಗದ ಮಡಚಿಯೇ ಕಲಿಸಿದರು. ಕಾರ್ಖಾನೆಯ ಕೈಯೂ ಗಣಿತದ ತಲೆಯೂ ಅವರಲ್ಲಿ ಒಂದೇ ಆಗಿತ್ತು.

ನಮ್ಮಲ್ಲಿ ಅದನ್ನ ಎರಡು ಮಾಡಿದ್ದು ಜಾತಿ. 1936ರ 'ಜಾತಿ ವಿನಾಶ'ದಲ್ಲಿ ಬಾಬಾಸಾಹೇಬರು ಬಿಡಿಸಿ ಹೇಳ್ತಾರೆ: ಜಾತಿ ಕೆಲಸವನ್ನ ಅಷ್ಟೇ ಹಂಚಿಲ್ಲ, ಕೆಲಸ ಮಾಡೋ ಮನುಷ್ಯರನ್ನೇ ಮೇಲೆ ಕೆಳಗೆ ಅಂತ ಹಂಚಿದೆ. ಅವರ ಬಾಲ್ಯ ನೆನೆಸ್ಕೊಳ್ಳಿ. ಶಾಲೆಯಲ್ಲಿ ಕೂರೋಕೆ ಮನೆಯಿಂದ ಗೋಣಿತಟ್ಟು ಒಯ್ಯಬೇಕಿತ್ತು, ಶಾಲೆ ಗುಡಿಸೋನೂ ಅದನ್ನ ಮುಟ್ತಿರಲಿಲ್ಲ. ಮುಂಬೈಯ ಹೈಸ್ಕೂಲಿನಲ್ಲಿ ಲೆಕ್ಕ ಬಿಡಿಸೋಕೆ ಬೋರ್ಡಿಗೆ ಕರೆದಾಗ, ಬೋರ್ಡಿನ ಹಿಂದೆ ಇಟ್ಟ ಊಟದ ಡಬ್ಬಿಗಳು ಮೈಲಿಗೆ ಆಗ್ತವೆ ಅಂತ ಹುಡುಗರು ಓಡಿ ಬಂದು ತೆಗೆದರು. ಆ ಕೈ ಲೆಕ್ಕ ಮಾಡ್ತದೆ ಅನ್ನೋದು ಅವರಿಗೆ ಕಾಣಲಿಲ್ಲ, ಮುಟ್ತದೆ ಅನ್ನೋದು ಅಷ್ಟೇ ಕಂಡಿತು. ಅದೇ ಕೈ ಮುಂದೆ ಸಂವಿಧಾನದ ಕರಡು ಬರೀತು.

ನಮ್ಮ ಭಾಗದಲ್ಲಿ ಕಾಯಕದ ಬಗ್ಗೆ ವೇದಿಕೆ ಮೇಲೆ ಮಾತಾಡದವರೇ ಇಲ್ಲ. ಹರಳಯ್ಯ, ಕಕ್ಕಯ್ಯ, ಚನ್ನಯ್ಯ, ಎಲ್ಲರ ಹೆಸರೂ ಬರ್ತದೆ. ಮಾತು ಮುಗಿದ ಮೇಲೆ ಕುರ್ಚಿ ಎತ್ತಿಡೋರು ಯಾರು ಅಂತ ನೋಡಿದರೆ ಕಾಯಕ ಯಾರ ಪಾಲಿಗೆ ಬಂತು ಅಂತ ಗೊತ್ತಾಗ್ತದೆ.

ಅದಕ್ಕೇ ಕಾಕಾನ ಪ್ರಶ್ನೆಗೆ ನನ್ನ ಉತ್ತರ: ಕೈಯನ್ನ ಬಿಡೋದು ಬಿಡುಗಡೆ ಅಲ್ಲ. ಕೈಗೆ ತಲೆ ಇಲ್ಲ ಅಂತ ಹೇಳಿದವರ ಸುಳ್ಳನ್ನ ಮುರಿಯೋದು ಬಿಡುಗಡೆ. ಕಸ ಗುಡಿಸು ಅಂದಾಗ ಮಗುವಿಗೆ ಯಾಕೆ ಅಂತ ಕೇಳೋ ಹಕ್ಕಿರೋದಿಲ್ಲ. ಹಕ್ಕಿ ಮಾಡುವಾಗ ಯಾಕೆ ಅಂತ ಕೇಳದಿದ್ದರೆ ಹಕ್ಕಿಯೇ ಆಗೋದಿಲ್ಲ. ಎರಡೂ ಕೈಕೆಲಸವೇ, ಆದರೆ ಒಂದು ಬಗ್ಗಿಸ್ತದೆ, ಒಂದು ಎಬ್ಬಿಸ್ತದೆ.

ಇದನ್ನ ಕಾಕಾಗೂ ಹೇಳಿದೆ. ಅವರು ಪೂರ್ತಿ ಒಪ್ಪಲಿಲ್ಲ. ಆದರೆ ಮೊಮ್ಮಗಳ ಹಾಳೆ ಕೈಗೆ ತಗೊಂಡು, ಈ ಮೂಲೆಯಿಂದ ಆ ಮೂಲೆಗೆ, ಆ ಮೂಲೆಯಿಂದ ಈ ಮೂಲೆಗೆ ದಾರ ಹಿಡಿದು ನೋಡಿದರು. "ಎರಡೂ ಸಮ ಬರಬೇಕು, ಇಲ್ಲಂದ್ರ ಗುಣ್ಯಾ ತಪ್ಯಾದ" ಅಂದರು. ಆಮೇಲೆ, "ಆದ್ರೂ ಇಂಗ್ಲಿಷ್ ಬಿಡಬ್ಯಾಡ" ಅಂದರು. ಬಿಟ್ಟಿಲ್ಲ. ಮೊದಲ ಒಂದು ಗಂಟೆ ಇಂಗ್ಲಿಷು, ಲೆಕ್ಕ. ಆಮೇಲೆ ಹಾಳೆ.

ಹಾಳೆಯ ವಿಷಯಕ್ಕೆ ಒಂದು ಮಾತು. ಏಪ್ರಿಲ್ 14ರ ಕಾರ್ಯಕ್ರಮದ ಕರಪತ್ರ ಉಳಿದಿದ್ದವು, ಅವನ್ನೇ ಹಂಚಿದೆವು. ಒಬ್ಬ ಹುಡುಗ ಮಡಚಲೇ ಇಲ್ಲ. "ಬಾಬಾಸಾಹೇಬರ ಮಾರಿ ಮ್ಯಾಲ ಗೆರಿ ಬೀಳ್ತದ" ಅಂದ. ಎಲ್ಲರೂ ಕರಪತ್ರ ವಾಪಸ್ ಕೊಟ್ಟರು. ಈಗ ಹಳೇ ಪ್ರಶ್ನೆಪತ್ರಿಕೆ, ಕ್ಯಾಲೆಂಡರ್ ಹಾಳೆ ಬಳಸ್ತೀವಿ. ಕ್ಯಾಲೆಂಡರ್ ಹಾಳೆ ಗಟ್ಟಿ, ದೊಡ್ಡ ಹಕ್ಕಿ ಆಗ್ತದೆ.

ಐಐಟಿಯಲ್ಲಿ ಓದಿದ ಅರವಿಂದ ಗುಪ್ತಾ ಕಸದಿಂದ ಆಟಿಕೆ ಮಾಡಿ ವಿಜ್ಞಾನ ಕಲಿಸ್ತಾ ಬಂದು ದಶಕಗಳಾದವು, 2018ರಲ್ಲಿ ಪದ್ಮಶ್ರೀಯೂ ಬಂತು. ನಮ್ಮ ರಾಜ್ಯದ ಸರ್ಕಾರಿ ಶಾಲೆಗಳ 2023ರ ಕಲಿಕಾ ಹಬ್ಬದಲ್ಲಿ ಕಾಗದ, ಕತ್ತರಿ, ಬಣ್ಣಕ್ಕೆ ಅಂತಲೇ ಒಂದು ವಿಭಾಗ ಇತ್ತು. ಹಬ್ಬ ಮುಗೀತದೆ, ಚಪ್ಪರ ಬಿಚ್ತಾರೆ. ಖಾಸಗಿ ಶಾಲೆಯ ಮಕ್ಕಳಿಗೆ ಇದೇ ಕೆಲಸ 'ಆ್ಯಕ್ಟಿವಿಟಿ' ಹೆಸರಲ್ಲಿ ವರ್ಷವಿಡೀ ಸಿಗ್ತದೆ, ಅದಕ್ಕೆ ಫೀಸೂ ಇದೆ. ನಮ್ಮ ಮಕ್ಕಳಿಗೆ ಯಾಕೆ ವರ್ಷಕ್ಕೊಂದು ದಿನ?

ಹಾಸ್ಟೆಲುಗಳಲ್ಲಿ, ಓಣಿಯ ಭವನಗಳಲ್ಲಿ ಕೆಲಸ ಮಾಡೋ ಗೆಳೆಯರಲ್ಲಿ ಕೇಳ್ಕೊಳ್ಳೋದು ಇಷ್ಟು. ವಾರಕ್ಕೆ ಒಂದು ಗಂಟೆ ಕೊಡಿ. ಒಂದು ಬದಿ ಖಾಲಿ ಇರೋ ಹಾಳೆ ಕೂಡಿಡಿ. ಮೊದಲು ನೀವೇ ಹತ್ತು ಹಕ್ಕಿ ಮಾಡಿ ಕೈ ಕೂಡಿಸ್ಕೊಳ್ಳಿ. ಮಗು ತಪ್ಪಿದಾಗ ಕಸ್ಕೊಂಡು ಮಾಡಿಕೊಡಬೇಡಿ, ಬಿಚ್ಚಿ ನೋಡು ಅನ್ನಿ. ಕಲಿತ ಮಗು ಇನ್ನೊಂದು ಮಗುವಿಗೆ ಕಲಿಸಲಿ. ಮಕ್ಕಳ ತಂದೆ ತಾಯಿಯನ್ನೂ ಕರೀರಿ. ಕಲ್ಲಿನ ಮೂಲೆ ಹೆಂಗ ತೆಗೀತಾರೆ, ಚಪ್ಪಲಿಯ ಅಳತೆ ಹೆಂಗ ಹಿಡೀತಾರೆ, ಬುಟ್ಟಿ ಹೆಂಗ ಸುತ್ತಿಗೆ ಬರ್ತದೆ ಅಂತ ಅವರೇ ಬೋರ್ಡಿನ ಮುಂದೆ ನಿಂತು ಹೇಳಲಿ. ಅವತ್ತು ಬೋರ್ಡಿನ ಹಿಂದೆ ಯಾರ ಡಬ್ಬಿಯೂ ಇರಬಾರದು.

ಜೈ ಭೀಮ್.